ಸಾಹೇಬರಿಗೆ ಸಪ್ಪೆ ನೀರು

ನನ್ನನ್ನು ಬೀಳ್ಕೊಟ್ಟ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು. ಭಾಷಣ ಮಾಡಿದವರು "ಇನ್ನಾದರೂ ಮೊಮ್ಮಕ್ಕಳ ಜೊತೆ" ಎಂದು ಶುರುಮಾಡಿ, ನನ್ನ ಮುಖ ನೋಡಿ, ಉಳಿದದ್ದನ್ನು ನುಂಗಿಕೊಂಡರು. ನನಗೆ ಆಗ ಮೂವತ್ತೊಂದು ವರ್ಷ. ಗುತ್ತಿಗೆ ಮುಗಿದು ಹೋಗುವವರೂ ನಿವೃತ್ತರೇ ಎಂದು ನಮ್ಮ ಮುಖ್ಯಸ್ಥರು ತೀರ್ಮಾನಿಸಿದ್ದರು. ಅವರಿಗೆ ಗೊತ್ತಿದ್ದ ಬೀಳ್ಕೊಡುಗೆ ಆ ಒಂದು ಬಗೆಯದೇ.

ಶಾಲು ಹೊದ್ದ ಮೇಲೆ ಅನುಭವ ಬರೆಯುವ ನಿವೃತ್ತರ ಹಕ್ಕೂ ನನ್ನದಾಯಿತು. ಈ ಕೆಲಸಕ್ಕೆ ಮುಂದೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಬಗ್ಗೆ ಬರೆಯಲು ಏನೂ ಇಲ್ಲ. ಯಾವ ಹುದ್ದೆಗೆ ಸೇರಿದೆನೋ ಅದರಿಂದಲೇ ಹೊರಬಂದೆ. ಗುತ್ತಿಗೆಯನ್ನು ಯಾಕೆ ಮುಂದುವರಿಸಲಿಲ್ಲ ಎಂಬುದು ನನ್ನ ಸ್ವಂತ ವಿಷಯ. ಉಳಿದದ್ದು ನೀರಿನ ವಿಷಯ. ಅದರಲ್ಲಿ ಏನನ್ನೂ ಮುಚ್ಚಿಡುವುದಿಲ್ಲ, ನನ್ನ ತಪ್ಪುಗಳನ್ನು ಕೂಡ.

ಶಹಾಪುರ ದಾಟಿ ಸುರಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಬಂಡೆಗುಡ್ಡದ ಬುಡದಲ್ಲಿ ನಮ್ಮ ಕೇಂದ್ರ. ಗಾಯಗೊಂಡ ಹಾವು, ಆಮೆ, ಉಡ, ಊಸರವಳ್ಳಿಗಳನ್ನು ಪರವಾನಗಿ ಪಡೆದು ಆರೈಕೆ ಮಾಡಿ, ಗುಣವಾದ ಮೇಲೆ ಕಾಡಿಗೆ ಬಿಡುವುದು ಅಲ್ಲಿನ ಕೆಲಸ. ನನ್ನ ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ‘ಸಹಾಯಕಿ, ನೀರು’ ಎಂದಿತ್ತು. ಆ ಅಲ್ಪವಿರಾಮ ನನಗೆ ಮೊದಲ ದಿನವೇ ದುಬಾರಿಯಾಯಿತು.

ಗೇಟಿನಲ್ಲಿ ಭಾಗಮ್ಮ ನಿಂತಿದ್ದರು. ಗೂಡುಗಳನ್ನು ತೊಳೆಯುವುದು, ಪ್ರಾಣಿಗಳಿಗೆ ಆಹಾರ ಹಾಕುವುದು, ಮಧ್ಯಾಹ್ನ ನಮಗೆಲ್ಲ ಅಡುಗೆ ಮಾಡುವುದು, ಮೂರೂ ಅವರದೇ.

"ನೀರಿನಾಕಿ ಬಂದೇನವಾ? ಛಲೋ ಆತು. ನನ್ನ ಟೊಂಕ ಹೋಗೇದ. ಬೋರ್ ಆ ಕಡಿ ಅದ, ನೀರಿನ ತೊಟ್ಟಿ ಈ ಕಡಿ ಅದ," ಎಂದು ಕೈಗೆ ಕೊಡ ಕೊಟ್ಟರು.

ನಾನು ಹೊತ್ತೆ. ತಪ್ಪು ತಿದ್ದಲು ಮಾತಾಡಬೇಕಾಗುತ್ತದೆ; ಹೊರುವುದಕ್ಕೆ ಮಾತು ಬೇಕಿಲ್ಲ. ಹನ್ನೆರಡನೆಯ ಕೊಡದ ಹೊತ್ತಿಗೆ ಮುಖ್ಯಸ್ಥ ಶರಣಪ್ಪ ಸರ್ ಬಂದರು. ನಿವೃತ್ತ ಪಶುವೈದ್ಯರು, ಮೀಸೆಯೊಳಗೇ ನಗುವವರು.

"ಏ ಭಾಗಮ್ಮಾ, ಕೆಮಿಸ್ಟ್ರಿ ಎಂಎಸ್ಸಿ ಮಾಡಿದಾಕಿ ಕಡೆಯಿಂದ ನೀರು ಹೊರಸಾಕತ್ತೀಯಲ್ಲ!"

"ಅಕಿ ಹೇಳಬಾರದೇನ್ರಿ?"

"ನೀವು ಕೇಳಲಿಲ್ಲಲ್ರಿ," ಎಂದೆ. ಆ ದಿನ ನಾನಾಡಿದ ಮಾತು ಅದೊಂದೇ ಎಂದು ಭಾಗಮ್ಮ ಈಗಲೂ ಹೇಳುತ್ತಾರೆ.

ನೀರು ಅಲ್ಲಿ ಅಷ್ಟು ಮುಖ್ಯವಾಗಲು ಕಾರಣವಿತ್ತು. ಊಸರವಳ್ಳಿಯನ್ನು ಊರಿನವರು ಓತಿಕ್ಯಾತ ಎನ್ನುತ್ತಾರೆ. ಅದು ಬಟ್ಟಲಿನ ನೀರು ಕುಡಿಯುವುದಿಲ್ಲ. ಬಟ್ಟಲಲ್ಲಿ ನಿಂತ ನೀರು ಅದರ ಕಣ್ಣಿಗೆ ನೀರೇ ಅಲ್ಲ. ಎಲೆಯ ಮೇಲೆ ಹನಿ ಮೂಡಬೇಕು, ಮಿನುಗಬೇಕು, ಜಾರಬೇಕು. ಆಗ ನಾಲಿಗೆ ಚಾಚಿ ನೆಕ್ಕುತ್ತದೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಬಲೆಯ ಗೂಡಿನೊಳಗೆ ಅಂಥ ಹನಿ ಮೂಡಿಸಲು ಒಂದು ತುಂತುರು ಯಂತ್ರ ಬೇಕು: ಒಂದು ತೊಟ್ಟಿ, ಒಂದು ಪಂಪು, ಸಪೂರ ಪೈಪು, ತುದಿಯಲ್ಲಿ ಕೂದಲಿನಷ್ಟು ತೂತಿರುವ ನಾಜಲ್, ಹೊತ್ತುಹೊತ್ತಿಗೆ ಚಾಲೂ ಮಾಡುವ ಟೈಮರ್. ಹತ್ತಿ ಹೊಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಪಂಪಿನ ಮೊಮ್ಮಗ ಎಂದುಕೊಳ್ಳಿ.

ಆ ಕೂದಲಿನಷ್ಟು ತೂತಿಗೂ ನಮ್ಮ ಬೋರಿನ ನೀರಿಗೂ ಹುಟ್ಟಾ ವೈರ. ನಮ್ಮ ಕಡೆ ನೀರನ್ನು ಎರಡು ಜಾತಿ ಮಾಡುತ್ತಾರೆ: ಸವುಳು ನೀರು, ಸಿಹಿ ನೀರು. ಸಿಹಿ ಎಂದರೆ ಸಕ್ಕರೆಯಂತಿರುವುದಲ್ಲ, ತೊಗರಿ ಬೇಳೆ ಬೇಯುವುದು. ನಮ್ಮ ಬೋರಿನ ನೀರಲ್ಲಿ ಬೇಳೆ ಮಧ್ಯಾಹ್ನದವರೆಗೆ ಕುದ್ದರೂ ಕಾಳು ಕಾಳಾಗಿಯೇ ತಟ್ಟೆಗೆ ಬರುತ್ತಿತ್ತು. ಬಕೆಟ್ಟಿನ ಅಂಚಿಗೆ ಸುಣ್ಣದ ಹಾಗೆ ಬಿಳಿ ಕಟ್ಟುತ್ತಿತ್ತು. ನಾಜಲ್‌ಗೂ ಅದೇ ಕಟ್ಟಿತು.

ಮೊದಲ ಬಾರಿ ಕಟ್ಟಿದಾಗ ಭಾಗಮ್ಮ ರವಿಕೆಯ ಪಿನ್ನು ತೆಗೆದು ಚುಚ್ಚಿದರು. ತೂತು ಬಿಟ್ಟಿತು, ಬಹಳವೇ ಬಿಟ್ಟಿತು. ಮರುಕ್ಷಣ ತುಂತುರಿನ ಬದಲು ಒಂದೇ ಧಾರೆ ನೆಟ್ಟಗೆ ಹೋಗಿ, ಎದುರಿನ ಗೂಡಿನಲ್ಲಿ ಮಲಗಿದ್ದ ಉಡದ ಮುಖಕ್ಕೆ ಹೊಡೆಯಿತು.

"ಎಮ್ಮಿ ಉಚ್ಚಿ ಹೊಯ್ದಂಗ ಆತಲ್ರಿ," ಎಂದರು ಭಾಗಮ್ಮ, ಪಿನ್ನನ್ನು ಮತ್ತೆ ರವಿಕೆಗೆ ಸಿಕ್ಕಿಸುತ್ತ.

ಮೊದಲ ಪಾಠ: ನಾಜಲ್‌ಗೆ ಪಿನ್ನು ಚುಚ್ಚಬೇಡಿ. ನಿಂಬೆಹುಳಿಯ ಪುಡಿ ಕಲಸಿದ ನೀರಿನಲ್ಲಿ ನೆನೆಹಾಕಿ, ತಾಳ್ಮೆಯಿಂದ ಕಾಯಿರಿ. ಆದರೆ ಅದು ತೊಳೆಯುವ ಉಪಾಯ ಮಾತ್ರ. ಕಟ್ಟದಂಥ ನೀರನ್ನು ಹುಡುಕಬೇಕಿತ್ತು. ಆ ಮಾತನ್ನು ಶರಣಪ್ಪ ಸರ್ ಮುಂದಿಟ್ಟೆ.

"ನೋಡವಾ, ಜೀವಮಾನ ಎಲ್ಲಾ ದನಾ ಎಮ್ಮಿ ನೋಡೇನಿ. ಒಂದರ ಎಮ್ಮಿ ಬಂದು ನನಗ ಫಿಲ್ಟರ್ ನೀರು ಬೇಕು ಅಂದಿಲ್ಲ."

"ಎಮ್ಮಿ ಬಕೀಟಿನ್ಯಾಗ ಕುಡೀತಾವ್ರಿ ಸರ್. ಇವಕ್ಕ ನಾಜಲ್‌ನಿಂದ ಬರಬೇಕು."

"ಹಂಗಿದ್ರ ಕಾಸಿ ಹಾಕ್ರಿ. ಕಾಸಿದ ನೀರಿಗೆ ಎಂಥಾ ರೋಗನೂ ಹತ್ತಂಗಿಲ್ಲ."

ರೋಗದ ಮಟ್ಟಿಗೆ ಅವರ ಮಾತು ಖರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸ್ವಲ್ಪ ಸುಣ್ಣ ತಳಕ್ಕೆ ಕೂಡುತ್ತದೆ. ಮಿಕ್ಕ ಲವಣವೆಲ್ಲ ಉಳಿಯುತ್ತದೆ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಇದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಒತ್ತಿ ಹೇಳದೆ, ಕಾಸಿದ ನೀರನ್ನೇ ತೊಟ್ಟಿಗೆ ತುಂಬಿದೆ. ಹೇಳಿದ್ದನ್ನೇ ಎರಡನೆಯ ಸಲ ಹೇಳುವುದು ನನ್ನ ಸ್ವಭಾವವಲ್ಲ. ಈ ಕೆಲಸದಲ್ಲಿ ಅಂಥ ಸ್ವಭಾವ ಇಟ್ಟುಕೊಳ್ಳಬೇಡಿ.

ಎರಡು ದಿನ ಸಾಲು ರಜೆ ಬಂತು, ನಾವು ಮೂವರೂ ಹೋಗಲಿಲ್ಲ. ಕಾವಲುಗಾರರು ಹೊತ್ತಿಗೆ ಸರಿಯಾಗಿ ಪಂಪಿನ ಸದ್ದು ಕೇಳಿಸಿಕೊಂಡು ‘ಯಂತ್ರ ಚಾಲೂ ಇದೆ’ ಎಂದು ಪುಸ್ತಕದಲ್ಲಿ ಬರೆದರು. ಯಂತ್ರ ಚಾಲೂ ಇದ್ದದ್ದು ನಿಜ. ನೀರು ಬರುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋದಾಗ, ಆಗ ನಮ್ಮಲ್ಲಿದ್ದ ಒಂದೇ ಒಂದು ಎಳೆಯ ಊಸರವಳ್ಳಿ ಗೂಡಿನ ನೆಲದ ಮೇಲೆ ಸತ್ತು ಬಿದ್ದಿತ್ತು. ನಾಜಲ್‌ನ ತೂತಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿಳಿ ಕಾಳು ಕೂತಿತ್ತು.

ಶರಣಪ್ಪ ಸರ್ ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಯಾರ ತಪ್ಪು ಅಂತ ಬರೀಬ್ಯಾಡವಾ. ನೀರು ಬದಲಿ ಮಾಡು. ನೀ ಹೇಳಿದ್ದು ಕೇಳ್ತೇನಿ," ಎಂದರು.

ಕೇಳುವುದಾಗಿ ಹೇಳಿದ ಕೂಡಲೇ ನಾನು ಮೊದಲು ಮಾಡಿದ್ದು ಒಂದು ದಡ್ಡತನ. ಯಾದಗಿರಿಯಿಂದ ಒಬ್ಬ ಮಾರಾಟಗಾರ ಬಂದ. ಅವನ ಡಬ್ಬಿಯೊಳಗೆ ನೀಲಿ ದೀಪ ಉರಿಯುತ್ತಿತ್ತು, ನೀರು ಅದರ ಮುಂದೆ ಹಾದು ಬರುತ್ತಿತ್ತು. ನೋಡಲು ಬಹಳ ಚಂದ.

"ಈ ಬೆಳಕು ನೀರಾಗಿನ ಒಂದು ಹುಳಾನೂ ಬಿಡಂಗಿಲ್ರಿ ಮೇಡಂ. ಎಲ್ಲಾ ಖಲಾಸ್."

ನಾನು ಒಪ್ಪಿ ಸಹಿ ಹಾಕಿದೆ. ಅವನು ಹೋದ ಮೇಲೆ ಭಾಗಮ್ಮ ದೀಪವನ್ನು ಬಗ್ಗಿ ನೋಡಿ ಕೇಳಿದರು: "ಹುಳ ಸಾಯ್ತಾವ, ಖರೆ. ಉಪ್ಪಿಗೂ ಜೀವ ಅದ ಏನ್ರಿ, ಸಾಯಾಕ?"

ಎಂಎಸ್ಸಿ ಮಾಡಿದ ನಾನು ಕೇಳಬೇಕಿದ್ದ ಒಂದೇ ಪ್ರಶ್ನೆ ಅದು. ಎರಡನೆಯ ಪಾಠ: ಕ್ರಿಮಿ ಬೇರೆ, ಲವಣ ಬೇರೆ. ಯಂತ್ರ ಮಾರುವವನು ಒಂದನ್ನು ತೆಗೆಯುತ್ತೇನೆ ಎಂದಾಗ ಇನ್ನೊಂದರ ಬಗ್ಗೆ ಕೇಳಿ. ಕೇಳಲು ನಾಚಿಕೆಯಾದರೆ ಭಾಗಮ್ಮನಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆ ಹೊತ್ತಿಗೆ ಸಾಹೇಬರು ಬಂದರು.

ದೇವಾಪುರದ ಒಬ್ಬ ಮಾಸ್ತರರು ಅವರನ್ನು ಹೆಲ್ಮೆಟ್ಟಿನೊಳಗೆ ಕೂರಿಸಿಕೊಂಡು ತಂದರು. ರಸ್ತೆ ದಾಟುತ್ತಿದ್ದ ಊಸರವಳ್ಳಿ, ಹಿಂಗಾಲಿಗೆ ಪೆಟ್ಟಾಗಿತ್ತು. ದೊಡ್ಡ ಗಾತ್ರ, ತಲೆಯ ಮೇಲೆ ಪೇಟದಂಥ ಏಣು. ಒಂದು ಕಣ್ಣು ನಮ್ಮ ಮೇಲೆ, ಇನ್ನೊಂದು ಕಿಟಕಿಯ ಆಚೆ. ಹೆಜ್ಜೆ ಎತ್ತಿ, ಮುಂದಿಟ್ಟು, ಹಿಂದೆ ತೆಗೆದು, ಮತ್ತೆ ವಿಚಾರ ಮಾಡಿ ಇಡುತ್ತಿತ್ತು. ಎದುರಿಗೆ ಬಂದವರನ್ನು ನೋಡಿ ಬಣ್ಣ ಬದಲಿಸುತ್ತಿತ್ತು.

"ಥೇಟ್ ಸಾಹೇಬ್ರು," ಎಂದರು ಭಾಗಮ್ಮ.

"ನಾನೂ ಸರ್ಕಾರಿ ಸಾಹೇಬ ಇದ್ದಾವ," ಎಂದು ಶರಣಪ್ಪ ಸರ್ ಆಕ್ಷೇಪಿಸಿದರು.

"ಅದಕ್ಕ ಗುರ್ತು ಸಿಕ್ತ್ರಿ."

ಅಂದಿನಿಂದ ಹೆಸರು ಸಾಹೇಬರು. ಬಹುವಚನವಿಲ್ಲದೆ ಯಾರೂ ಮಾತಾಡುತ್ತಿರಲಿಲ್ಲ. ಸಾಹೇಬರು ಎದ್ದರು, ಸಾಹೇಬರು ಮಿಡತೆ ತಿಂದರು, ಸಾಹೇಬರು ಸಿಟ್ಟಾಗಿ ಕಪ್ಪಾಗಿದ್ದಾರೆ. ಕಾಲಿನ ಪೆಟ್ಟು ಬೇಗ ಮಾಗಿತು. ಅವರ ನೀರಿನದೇ ತೊಂದರೆ. ಈ ಸಲ ನಾನು ತಪ್ಪುವಂತಿರಲಿಲ್ಲ.

ಶಹಾಪುರದ ಒಂದು ಬ್ಯಾಟರಿ ಅಂಗಡಿಯಿಂದ ಬ್ಯಾಟರಿಗೆ ಹಾಕುವ ನೀರು ತರಿಸಿದೆವು. ಅದರಲ್ಲಿ ಲವಣವಿರುವುದಿಲ್ಲ, ನಾಜಲ್ ಕನ್ನಡಿಯ ಹಾಗೆ ಇತ್ತು. ನನಗೆ ಖುಷಿಯಾಗಿ ಒಂದು ಇಡೀ ದಿನ ಕಳೆಯಿತು. ಮರುದಿನ ಅಭ್ಯಾಸಬಲದಿಂದ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ನೀರು ಹುಳಿ. ಆ ಕ್ಯಾನಿನಲ್ಲಿ ಹಿಂದೊಮ್ಮೆ ಬ್ಯಾಟರಿಯ ಆಸಿಡ್ ಇತ್ತು. ಕ್ಯಾನಿನ ಮೇಲೆ ‘ಕುಡಿಯಲು ಅಲ್ಲ’ ಎಂದು ದೊಡ್ಡದಾಗಿ ಬರೆದದ್ದನ್ನು ಭಾಗಮ್ಮ ಮೊಮ್ಮಗಳ ಕೈಲಿ ಓದಿಸಿಕೊಂಡು ಬಂದರು.

"ಇದು ಗಾಡಿಗೆ ಹಾಕೋದಂತಲ್ರಿ ಮೇಡಂ. ನಮ್ಮ ಸಾಹೇಬ್ರೇನು ಟ್ರ್ಯಾಕ್ಟರ್ರಾ?"

ಅದನ್ನು ಕೈಬಿಟ್ಟು, ನೀರಿನ ಗಡಸು ತೆಗೆಯುವ ಕಂಬದಾಕಾರದ ಯಂತ್ರ ತರಿಸಿದೆ. ಅದರೊಳಗಿನ ಸಣ್ಣ ಮಣಿಗಳು ನೀರಿನಲ್ಲಿರುವ ಸುಣ್ಣವನ್ನು ಹಿಡಿದುಕೊಂಡು, ಬದಲಿಗೆ ಉಪ್ಪಿನ ಅಂಶವನ್ನು ಬಿಡುತ್ತವೆ. ಪರೀಕ್ಷೆ ಮಾಡಿದರೆ ಗಡಸು ಸೊನ್ನೆ. ಭಾಗಮ್ಮ ತಮ್ಮದೇ ಪರೀಕ್ಷೆ ಮಾಡಿದರು: ಅದೇ ನೀರಲ್ಲಿ ಬೇಳೆಗೆ ಇಟ್ಟರು.

"ಬ್ಯಾಳಿ ಬೆಣ್ಣಿ ಆಗೇದ್ರಿ! ಇದೇ ನೀರು ಬರೋಬ್ಬರಿ."

ಎರಡು ಪರೀಕ್ಷೆಗಳೂ ಪಾಸು. ಆದರೆ ಗೂಡಿನ ಎಲೆಗಳ ಮೇಲೆ ಹಿಟ್ಟಿನಂಥ ಬಿಳಿ ಪುಡಿ ಕಾಣಿಸಿತು. ಸುಣ್ಣ ಹೋಗಿತ್ತು, ಅದರ ಜಾಗದಲ್ಲಿ ಉಪ್ಪು ಕೂತಿತ್ತು. ಒಟ್ಟು ಕರಗಿದ ಲವಣ ಕಡಿಮೆಯಾಗಿರಲಿಲ್ಲ. ಸಾಹೇಬರು ಎಲೆ ನೆಕ್ಕಿ, ನಾಲಿಗೆ ಒಳಗೆಳೆದುಕೊಂಡು, ನನ್ನ ಕಡೆ ಒಂದೇ ಕಣ್ಣಿನಲ್ಲಿ ನೋಡಿದರು. ಮೂರನೆಯ ಪಾಠ: ಬೇಳೆ ಬೆಂದರೆ ಊಟಕ್ಕೆ ಸಾಕು, ತುಂತುರಿಗೆ ಸಾಲದು.

ಉಳಿದದ್ದು ಒಂದೇ ದಾರಿ, ಆರ್‌ಓ. ಬಹಳ ಸೂಕ್ಷ್ಮವಾದ ಪೊರೆಯ ಮೂಲಕ ನೀರನ್ನು ಒತ್ತಿ, ಲವಣವನ್ನು ಹಿಂದೆಯೇ ಉಳಿಸುವ ವಿಧಾನ. ಈಗ ನಮ್ಮ ಹಳ್ಳಿಗಳಲ್ಲೆಲ್ಲ ಅಂಥ ಘಟಕಗಳಿವೆ. ಜನ ಅದಕ್ಕೆ ಫಿಲ್ಟರ್ ನೀರು ಎನ್ನುತ್ತಾರೆ. ನಮ್ಮಿಂದ ಎರಡು ಸ್ಟಾಪ್ ಹಿಂದಿನ ಹಳ್ಳಿಯ ಘಟಕವನ್ನು ಮಲ್ಲಣ್ಣ ಎಂಬುವರು ನೋಡಿಕೊಳ್ಳುತ್ತಿದ್ದರು. ಸ್ವಂತ ಯಂತ್ರ ಯಾಕೆ, ಕ್ಯಾನ್ ತರಿಸಿದರಾಯಿತು ಎಂದುಕೊಂಡೆ. ನಾನೇ ಹೋಗಿ, ಘಟಕದ ನಳಕ್ಕೆ ಲವಣದ ಮೀಟರ್ ಹಿಡಿದೆ. ನಮ್ಮ ಬೋರಿಗೆ ನಾಲ್ಕಂಕಿ ತೋರಿಸುವ ಮೀಟರು ಇಲ್ಲಿ ಎರಡೇ ಅಂಕಿ ತೋರಿಸಿತು. ಪುಸ್ತಕದಲ್ಲಿ ಬರೆದು, ಅಡಿಗೆರೆ ಎಳೆದೆ.

"ಬ್ಯಾನಿ ಬಿದ್ದ ಪ್ರಾಣಿಗೆ ಏನ್ರಿ ಮೇಡಂ?" ಎಂದು ಮಲ್ಲಣ್ಣ ಕೇಳಿದರು.

"ಹೌದ್ರಿ."

"ಹಂಗಿದ್ರ ನಾನೇ ಖುದ್ದು ನಿಂತು ತುಂಬಿಸಿ ಕಳಿಸ್ತೇನ್ರಿ. ಫಿಕರ್ ಮಾಡಬ್ಯಾಡ್ರಿ."

ನಾನು ಫಿಕರ್ ಮಾಡಲಿಲ್ಲ. ಏಳು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ಹದಿನೈದು ದಿನಕ್ಕೆ ಎಲೆಯ ಮೇಲೆ ಬಿಳಿ ಕಲೆ ಮತ್ತೆ ಬಂತು. ಹಳೆಯ ಪೈಪಿನೊಳಗಿನ ಸುಣ್ಣ ಕಿತ್ತು ಬರುತ್ತಿರಬೇಕು ಎಂದು ತರ್ಕ ಮಾಡಿದೆ. ನಿಂಬೆಹುಳಿಯಿಂದ ಪೈಪು ತೊಳೆದೆ, ನಾಜಲ್ ತೊಳೆದೆ, ತೊಟ್ಟಿ ತೊಳೆದೆ. ತೊಳೆದ ಮೇಲೆ ಅದೇ ಕ್ಯಾನಿನ ನೀರು ತುಂಬಿಸಿದೆ. ಎರಡಂಕಿಯ ನೀರನ್ನು ಅನುಮಾನಿಸುವುದು ನನ್ನ ಪುಸ್ತಕವನ್ನೇ ಅನುಮಾನಿಸಿದಂತೆ.

ನಾಜಲ್ ದಿನಬಿಟ್ಟು ದಿನ ಕಟ್ಟತೊಡಗಿತು. ಸಾಹೇಬರು ಕುಡಿಯುವುದನ್ನು ಬಿಟ್ಟರು. ಅವರ ಕಣ್ಣು ಗೋಪುರದ ಹಾಗೆ ಉಬ್ಬಿರಬೇಕು. ಅದು ಒಳಗೆ ಕುಸಿಯಿತು. ಮೈಯಲ್ಲಿ ನೀರು ಕಡಿಮೆಯಾದ ಗುರುತು. ಆಮೇಲೆ ಎರಡು ಕಣ್ಣೂ ಮುಚ್ಚಿದವು. ಕಣ್ಣು ಮುಚ್ಚಿದ ಊಸರವಳ್ಳಿಗೆ ಮಿಡತೆ ಕಾಣುವುದಿಲ್ಲ, ಹನಿಯೂ ಕಾಣುವುದಿಲ್ಲ. ಡ್ರಾಪರ್‌ನಿಂದ ಹನಿ ಹನಿಯಾಗಿ ಬಾಯಿಗೆ ಬಿಡುತ್ತಿದ್ದೆವು. ಹಾಗೆ ಬಹಳ ದಿನ ನಡೆಯುವುದಿಲ್ಲ ಎಂದು ಶರಣಪ್ಪ ಸರ್ ಹೇಳಿದರು.

ಅಂಥದರಲ್ಲಿ ಒಂದು ದಿನ ಯಾದಗಿರಿಗೆ ಹೋಗಿ, ಹೊಸ ನಾಜಲ್‌ಗಳನ್ನೂ ಮತ್ತಷ್ಟು ನಿಂಬೆಹುಳಿಯನ್ನೂ ತೆಗೆದುಕೊಂಡು ಸುರಪುರದ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ಕಿಕ್ಕಿರಿದಿತ್ತು. ಭಾಗಮ್ಮನ ಫೋನು ಬಂತು. ಎಂಜಿನ್ನಿನ ಸದ್ದಿಗೆ ನಾನೂ ಗಟ್ಟಿಯಾಗಿ ಮಾತಾಡಬೇಕಾಯಿತು.

"ಸಾಹೇಬ್ರು ಕಣ್ಣು ತೆಗದ್ರೇನು? ಇಲ್ಲಾ? ಮೈಬಣ್ಣ ಹೆಂಗದ? ಕರ್ರಗಾ? ಗೋಡಿ ಹತ್ತಾಕ ಬಿಡಬ್ಯಾಡ್ರಿ, ಕಟಿಗಿ ಮ್ಯಾಲ ಕೂಡಸ್ರಿ. ಬಾಯಿ ತೆಗಸಿ ಒಂದೊಂದ ಹನಿ ಬಿಡ್ರಿ. ಕಚ್ಚಿದ್ರ ಕಚ್ಚಲಿ, ಹಲ್ಲು ಸಣ್ಣವದಾವ."

ಫೋನು ಇಟ್ಟಾಗ ಸುತ್ತಲಿನ ಮೂರು ಸೀಟು ನನ್ನ ಕಡೆಗೇ ತಿರುಗಿತ್ತು. ಪಕ್ಕದಲ್ಲಿದ್ದ ಹಿರಿಯ ಹೆಂಗಸು ನನ್ನ ಮೊಣಕೈ ಮುಟ್ಟಿದರು.

"ಯಾರಿಗವ್ವಾ, ನಿಮ್ಮ ಮಾವನೋರಿಗಾ?"

ನಾನು ಮದುವೆಯಾದವಳೋ ಅಲ್ಲವೋ ಎಂಬುದು ನಮ್ಮ ಕೇಂದ್ರದಲ್ಲಿ ಏಳು ವರ್ಷವೂ ಇತ್ಯರ್ಥವಾಗಲಿಲ್ಲ, ಇಲ್ಲಿಯೂ ಆಗುವುದಿಲ್ಲ. ಬಸ್ಸಿನಲ್ಲಿ ಅದನ್ನು ಬಿಡಿಸಿ, ಅದರ ಮೇಲೆ ಓತಿಕ್ಯಾತದ ವಿಷಯವನ್ನೂ ಬಿಡಿಸುವುದಕ್ಕಿಂತ ಸುಲಭದ ದಾರಿ ಒಂದಿತ್ತು.

"ಹೂಂ," ಎಂದೆ.

"ಎಷ್ಟು ವಯಸ್ಸು?"

"ಗೊತ್ತಿಲ್ರಿ." ಇದು ನಿಜ.

"ಸಾಹೇಬ್ರು ಅಂತೀರಿ. ಯಾವ ಆಫೀಸಿನ್ಯಾಗಿದ್ರು?"

"ಹೊಲದ ಕಡೆ ಇದ್ರುರಿ." ಇದೂ ನಿಜ.

"ಕಚ್ತಾರಾ?"

"ಒಮ್ಮೊಮ್ಮಿ."

ಅವರು ನಾಲಿಗೆ ಲೊಚಗುಟ್ಟಿದರು. "ವಯಸ್ಸಾದ ಮ್ಯಾಲ ಹಂಗೇ. ನಮ್ಮ ಅತ್ತಿನೂ ಕಚ್ಚತಿದ್ಲು. ಅದಿರಲಿ, ನೀರು ಯಾವುದು ಕೊಡಾಕತ್ತೀರಿ? ಬೋರಿಂದ್ ಕೊಡಬ್ಯಾಡ್ರಿ."

"ಇಲ್ರಿ, ಫಿಲ್ಟರ್ ನೀರು. ಮಲ್ಲಣ್ಣನ ಕಡೆಯಿಂದ ಬರ್ತದ."

"ನಮ್ಮೂರ ಮಲ್ಲಣ್ಣಾ? ಹಂಗಿದ್ರ ಚಿಂತಿ ಬಿಡ್ರಿ. ಅಂವ ಸಪ್ಪನ ನೀರು ಯಾರಿಗೂ ಕೊಡಾಂವಲ್ಲ. ಮೊದಲು ಸಪ್ಪಗಿತ್ತು, ಊರಾನ ಹಿರ್ಯಾರೆಲ್ಲಾ ಹೋಗಿ ಜಗಳಾಡಿದ್ರು. ಅವತ್ತಿಂದ ರುಚಿಗಿ ಬೋರಿನ ನೀರು ಜರಾ ಬೆರಸ್ತಾನ. ಬ್ಯಾನಿ ಬಿದ್ದೋರ ಮನಿಗಿ ಅಂದ್ರ ಇನ್ನೊಂದೀಟು ಹೆಚ್ಚಿಗಿ ಹಾಕ್ತಾನ. ಶಕ್ತಿಗಿ."

ನನ್ನ ಕೈಯಲ್ಲಿದ್ದ ನಿಂಬೆಹುಳಿಯ ಪೊಟ್ಟಣ ಜಾರಿ ಕಾಲ ಮೇಲೆ ಬಿತ್ತು. ಅವರ ಊರು ಬಂದಾಗ ನಾನೂ ಅವರ ಹಿಂದೆಯೇ ಇಳಿದೆ. "ನಿಮ್ಮಂಥಾ ಸೊಸಿ ಸಿಗಬೇಕಾದ್ರ ಪುಣ್ಯ ಮಾಡಿರಬೇಕ್ರಿ," ಎಂದು ಅವರು ನನ್ನ ಗಲ್ಲ ಸವರಿ ಮನೆಯ ದಾರಿ ಹಿಡಿದರು. ನಾನು ಘಟಕದ ದಾರಿ ಹಿಡಿದೆ.

ಮಲ್ಲಣ್ಣ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿದೆ ಎಂದು ಅವರಿಗೆ ಅನ್ನಿಸಿರಲೂ ಇಲ್ಲ.

"ನಿಮ್ಮ ಕ್ಯಾನಿಗಿ ಎಲ್ಲರಕಿಂತ ಎರಡು ಚೊಂಬು ಜಾಸ್ತಿನೇ ಹಾಕೇನ್ರಿ ಮೇಡಂ. ದವಾಖಾನಿ ಪ್ರಾಣಿ ಅಂತ."

"ನಾ ಮೀಟರ್ ಹಿಡಿದಾಗ ಹಂಗ ಇರಲಿಲ್ಲಲ್ರಿ?"

"ನೀವು ನಳಕ್ಕ ಹಿಡದ್ರಿ. ನಳದಾಗ ಸಪ್ಪಂದೇ ಬರ್ತದ. ನಾ ಬೆರಸೋದು ಕ್ಯಾನಿನ್ಯಾಗ."

"ನನಗ ಹೇಳಬಾರದಿತ್ತೇನ್ರಿ?"

"ನೀವು ಕೇಳಲಿಲ್ಲಲ್ರಿ."

ಇನ್ನು ಮುಂದೆ ನಮ್ಮ ಕ್ಯಾನಿಗೆ ನಳದ ನೀರನ್ನೇ ತುಂಬಿ ಎಂದೆ. ಮಲ್ಲಣ್ಣ ನೊಂದುಕೊಂಡರು. "ಬರೇ ಸಪ್ಪನ ನೀರು ಕುಡಿಸಿದ್ರ ಅದಕ್ಕ ತ್ರಾಣ ಎಲ್ಲಿಂದ ಬರಬೇಕ್ರಿ? ನನಗ ಕೈ ಬರಂಗಿಲ್ರಿ." ಊಸರವಳ್ಳಿಗೆ ಬೇಕಾದ ಸುಣ್ಣವನ್ನು ನಾವು ಮಿಡತೆಗೆ ಪುಡಿ ಸವರಿ ತಿನ್ನಿಸುತ್ತೇವೆ, ನೀರಿನಿಂದ ಬರಬೇಕಾಗಿಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಆದರೂ ಕಣ್ಣು ಚೊಂಬಿನ ಮೇಲೇ ಇತ್ತು. ನೀರಿನ ಲವಣ ತೆಗೆಯಲು ಪೊರೆ ಇದೆ, ಮನುಷ್ಯನ ಅಂತಃಕರಣ ತೆಗೆಯಲು ಯಾವ ಪೊರೆಯೂ ಇಲ್ಲ. ಸ್ವಂತ ಯಂತ್ರವೇ ಬೇಕು ಎಂದು ಅಲ್ಲಿಯೇ ನಿಶ್ಚಯಿಸಿದೆ.

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ಇಡಿ: ನೀರನ್ನು ಹೊರಡುವ ಜಾಗದಲ್ಲಿ ಅಳೆಯಬೇಡಿ, ಮುಟ್ಟುವ ಜಾಗದಲ್ಲಿ ಅಳೆಯಿರಿ. ನಾಜಲ್‌ನ ಕೆಳಗೆ ಬಟ್ಟಲು ಹಿಡಿದು, ಅದರಲ್ಲಿ ಮೀಟರ್ ಅದ್ದಿ. ದಿನಾ.

ಮರುದಿನ ಶರಣಪ್ಪ ಸರ್ ಅವರನ್ನು ಒಪ್ಪಿಸಬೇಕಿತ್ತು. ಕೇಳುತ್ತೇನೆ ಎಂದು ಮಾತು ಕೊಟ್ಟಿದ್ದರು ನಿಜ. ಆದರೆ ದೀಪ, ಬ್ಯಾಟರಿ, ಕಂಬ, ಕ್ಯಾನು ಎಲ್ಲ ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಭಾಗಮ್ಮನಿಂದ ಐದು ಸ್ಟೀಲ್ ತಟ್ಟೆ ಇಸಿದುಕೊಂಡು, ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟೆ. ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಕಾಸಿದ್ದು, ಒಂದರಲ್ಲಿ ಕಂಬದ್ದು, ಒಂದರಲ್ಲಿ ಮಲ್ಲಣ್ಣನ ಕ್ಯಾನಿನದು, ಒಂದರಲ್ಲಿ ಹಿಂದಿನ ದಿನ ನಾನೇ ತಂದಿದ್ದ ಮಲ್ಲಣ್ಣನ ನಳದ್ದು; ಎಲ್ಲಕ್ಕೂ ಎರಡೆರಡು ಚಮಚ. ನಮ್ಮ ಮೇ ತಿಂಗಳ ಬಿಸಿಲಿಗೆ ಪ್ರಯೋಗಾಲಯ ಬೇಕಿಲ್ಲ. ಸರ್ ಚಹಾ ಕುಡಿದು ಬರುವಷ್ಟರಲ್ಲಿ ಐದೂ ಒಣಗಿದ್ದವು. ನಾಲ್ಕು ತಟ್ಟೆಯಲ್ಲಿ ಬಿಳಿ. ಐದನೆಯದು ತೊಳೆದಿಟ್ಟಂತೆ ಇತ್ತು.

ಅವರು ಮೊದಲ ತಟ್ಟೆಯನ್ನು ಬೆರಳಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡರು.

"ಇಷ್ಟೆಲ್ಲಾ ನಾ ದಿನಾ ಕುಡೀತೇನಿ?"

"ಹೌದ್ರಿ ಸರ್."

"ನನಗೇನೂ ಆಗಿಲ್ಲಲ್ಲವಾ."

"ನಿಮ್ಮ ಗಂಟಲದ ತೂತು ದೊಡ್ಡದದ್ರಿ ಸರ್," ಎಂದರು ಭಾಗಮ್ಮ. "ನಾಜಲ್‌ದು ಕೂದಲದಷ್ಟ ಅದ."

ಸರ್ ಮೀಸೆಯೊಳಗೆ ನಕ್ಕು, ಐದನೆಯ ತಟ್ಟೆಯನ್ನು ಎತ್ತಿ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ಯಂತ್ರ ತರಿಸಲು ಒಪ್ಪಿದರು.

ಸೈದಾಪುರದ ಕಡೆಯಿಂದ ಒಬ್ಬ ಮೆಕ್ಯಾನಿಕ್ ಬಂದು ಯಂತ್ರ ಕೂರಿಸಿದ. ಹಳೆಯ ಪೈಪು ಕಿತ್ತು ಹೊಸದು ಹಾಕಿದೆವು. ಎಲ್ಲ ಮುಗಿಸಿ ಅವನು ಪಕ್ಕದಲ್ಲಿದ್ದ ಒಂದು ಸಣ್ಣ ತಿರುಗಣಿ ತೋರಿಸಿದ.

"ಇದು ರುಚಿದು ರೀ ಮೇಡಂ. ಜರಾ ತಿರುವಿದ್ರ ಬೋರಿನ ನೀರು ಒಂದೀಟು ಕೂಡ್ಕೋತದ."

"ಪೂರಾ ಬಂದ್ ಮಾಡ್ರಿ."

"ಬಂದ್ ಮಾಡಿದ್ರ ನೀರು ಸಪ್ಪ ಆಗ್ತದ್ರಿ."

"ಆಗ್ಲಿ!" ಎಂದು ನಾವು ಮೂವರೂ ಒಟ್ಟಿಗೆ ಕೂಗಿದೆವು. ಅವನು ಹೆದರಿ ಬಂದ್ ಮಾಡಿದ.

ಯಂತ್ರ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಹೊರಬಿಡುವ ಉಪ್ಪಿನ ನೀರನ್ನು ನೆಲ ತೊಳೆಯಲು ಬಳಸಿ, ಗಿಡಕ್ಕೆ ಹಾಕಬೇಡಿ. ಶುದ್ಧ ನೀರು ನಿಂತಲ್ಲಿ ನಿಂತರೆ ತೊಟ್ಟಿಯೊಳಗೆ ಲೋಳೆ ಕಟ್ಟುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ, ಬಿಸಿಲಿಗೆ ಒಣಗಿಸಿ. ಪಂಪಿನ ಸದ್ದು ಕೇಳಿ ನಂಬಬೇಡಿ, ನಾಜಲ್‌ನ ಮುಂದೆ ಅಂಗೈ ಹಿಡಿಯಿರಿ.

ನಾನು ಅಂಗೈ ಹಿಡಿದೆ. ಮಂಜಿನಂಥ ತುಂತುರು ಬಂತು. ಬಟ್ಟಲಿನಲ್ಲಿ ಮೀಟರು ಎರಡಂಕಿ ತೋರಿಸಿತು. ಸಾಹೇಬರು ಕಟ್ಟಿಗೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಇದ್ದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಎಲೆಗಳೆಲ್ಲ ತೊಳೆದು ಹಸಿರಾಗಿ, ಒಂದೂ ಬಿಳಿ ಚುಕ್ಕೆಯಿಲ್ಲದೆ ನಿಂತಿದ್ದವು; ಸಾಹೇಬರು ಮಾತ್ರ ಕಪ್ಪಗೆ ಕೂತಿದ್ದರು. ನೀರು ಸರಿಯಾದದ್ದು ತಡವಾಯಿತೇನೋ ಎಂದು ನನಗನ್ನಿಸಿತು. ಭಾಗಮ್ಮ ಡ್ರಾಪರ್ ಹಿಡಿದು ಹೋದಾಗಲೆಲ್ಲ "ಕುಡೀರೀ ನನ್ನಪ್ಪಾ" ಎನ್ನುತ್ತಿದ್ದುದು ಕೇಳಿಸುತ್ತಿತ್ತು.

ಐದನೆಯ ದಿನ ವಾರ್ಷಿಕ ತಪಾಸಣೆ. ಪರವಾನಗಿಯ ಕಾಗದ ನೋಡಲು ಒಬ್ಬ ಅಧಿಕಾರಿ ಬಂದರು. ಹೊಸಬರು, ಗಂಭೀರ ಸ್ವಭಾವದವರು. ಬಿಸಿಲಿನಲ್ಲಿ ಬಂದಿದ್ದರಿಂದ ಭಾಗಮ್ಮ ಹೊಸ ಯಂತ್ರದ ನೀರನ್ನೇ ಒಂದು ಗ್ಲಾಸು ತಂದಿಟ್ಟು, ಡ್ರಾಪರ್ ತೆಗೆದುಕೊಂಡು ಗೂಡಿನ ಕಡೆ ಹೋದರು. ಶರಣಪ್ಪ ಸರ್ ಕಡತ ಬಿಚ್ಚಿದರು. ನನ್ನನ್ನೂ ಕರೆದು ಮೂಲೆಯಲ್ಲಿ ನಿಲ್ಲಿಸಿಕೊಂಡಿದ್ದರು. ಅಧಿಕಾರಿಗಳು ಒಂದು ಹಾಳೆ ಓದಿ, ಗ್ಲಾಸೆತ್ತಿ ಒಂದು ಗುಟುಕು ಕುಡಿದರು.

ಹೊರಗಿನಿಂದ ಭಾಗಮ್ಮನ ಕೂಗು ಬಂತು.

"ಕುಡದ್ರು! ಸಾಹೇಬ್ರು ನೀರು ಕುಡದ್ರು!"

ಅಧಿಕಾರಿಗಳ ಗ್ಲಾಸು ಗಾಳಿಯಲ್ಲೇ ನಿಂತಿತು.

"ಎಡಗಣ್ಣು ತೆಗದು ನೋಡಿದ್ರು! ನಾಲಿಗಿ ಹೊರಗ ಹಾಕಿದ್ರು! ಕುಡ್ಯಾಕತ್ತಾರ, ಇನ್ನೂ ಕುಡ್ಯಾಕತ್ತಾರ! ಮೇಡಂ, ಓಡಿ ಬರ್ರೀ!"

ಶರಣಪ್ಪ ಸರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಯಾರಿಗೆಂದು ತಿಳಿಯದೆ ಕೈಮುಗಿದರು. ನಾನು ಮೊದಲ ಸಲ ಅಪ್ಪಣೆ ಕೇಳದೆ ಬಾಗಿಲ ಕಡೆ ನಡೆದೆ. ಅಧಿಕಾರಿಗಳು ಗ್ಲಾಸನ್ನು ಬೆಳಕಿಗೆ ಹಿಡಿದು, ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು.

"ಈ ನೀರಾಗ ಏನ್ ಹಾಕೀರ್ರಿ?"

ಸರ್ ಆಗಲೇ ಹೊಸ್ತಿಲು ದಾಟಿದ್ದರು. ತಿರುಗಿ ನೋಡದೆ ಹೇಳಿದರು:

"ಏನೂ ಹಾಕಿಲ್ರೀ ಸಾಹೇಬ್ರ. ಇದ್ದದ್ದೆಲ್ಲಾ ತಗದೀವಿ."